‘ಚಿಕ್ಕಮ್ಮಾ, ಇದ್ಯಾವ ಭಾಷೆ?’

ನಮ್ಮಕ್ಕನ ಮಗಳಿಗೆ ದೃಷ್ಟಿಯಿಲ್ಲ. ಪಿಯುಸಿ ಓದುವ ಅವಳಿಗೆ ಕಂಪ್ಯೂಟರ್ ಪರದೆಯ ಬರಹವನ್ನು ಓದಿ ಹೇಳುವುದು ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ. 2006ರಲ್ಲಿ ಅದನ್ನು ಆರಂಭಿಸಿದ ಆಸ್ಟ್ರೇಲಿಯಾದ ಮೈಕೆಲ್ ಕರನ್ ಅವರೂ ಅಂಧರೇ.

ಪರೀಕ್ಷೆಗೆ ಎರಡೇ ವಾರವಿದ್ದಾಗ ಬಂದ ಕನ್ನಡ ನೋಟ್ಸ್ ಮಾತ್ರ ಬರೀ ಇಂಗ್ಲಿಷ್ ಅಕ್ಷರಗಳಾಗಿ ಕೇಳಿಸತೊಡಗಿತು. “ಚಿಕ್ಕಮ್ಮಾ, ಇದ್ಯಾವ ಭಾಷೆ?” ಎಂದಳು. ಟೈಪ್ ಮಾಡಿದ್ದು ಹಳೆಯ ನುಡಿ ಫಾಂಟಿನಲ್ಲಿ. ಅಲ್ಲಿ ಕಣ್ಣಿಗೆ ‘ಕ’ ಕಂಡರೂ ಕಡತದೊಳಗಿರುವುದು ಇಂಗ್ಲಿಷಿನ ‘ಪಿ’, ಜೊತೆಗೊಂದು ಗುರುತು! ಯೂನಿಕೋಡಿಗೆ ಪರಿವರ್ತಿಸಿದ ಕೂಡಲೇ ಕನ್ನಡ ಕೇಳಿಸಿತು.

ಇನ್ನೊಂದು ಪಾಠ ಬರೀ ಪುಟಗಳ ಫೋಟೊ. ಅದರಲ್ಲಿ ಓದಲು ಅಕ್ಷರವೇ ಇಲ್ಲ. ರಾತ್ರಿ ಕೂತು ಟೈಪ್ ಮಾಡಿದೆ. ಶೀರ್ಷಿಕೆಗಳನ್ನು ದಪ್ಪ ಮಾಡಿದರೆ ಸಾಲದು, ‘ಹೆಡಿಂಗ್’ ಎಂದೇ ಗುರುತಿಸಬೇಕು. ಈಗ ಅವಳು ‘ಎಚ್’ ಕೀಲಿ ಒತ್ತುತ್ತ ಬೇಕಾದ ಭಾಗಕ್ಕೆ ನೇರ ಹೋಗುತ್ತಾಳೆ. ಸಹಪಾಠಿಗಳೂ ಆ ಪ್ರತಿಯನ್ನೇ ಕೇಳುತ್ತಿದ್ದಾರೆ.