ವಸ್ತುವಿನ ಹದ ಅರಿಯುವ ವೃತ್ತಿ

ಕಮ್ಮಾರನ ಕುಲುಮೆಯ ಮುಂದೆ ನೀವು ಒಮ್ಮೆಯಾದರೂ ನಿಂತಿರಬಹುದು. ಆತ ಕೆಂಪಗೆ ಕಾದ ಕುಡುಗೋಲನ್ನು ನೀರಿಗೆ ಅದ್ದುತ್ತಾನೆ. ಅಷ್ಟಕ್ಕೇ ಬಿಟ್ಟರೆ ಅದು ಗಡುಸೇನೋ ಆಗುತ್ತದೆ. ಆದರೆ ಕಲ್ಲಿಗೆ ತಾಗಿದರೆ ಬಾಯಿಯ ಚಕ್ಕೆ ಹಾರುತ್ತದೆ. ಆದ್ದರಿಂದ ಮತ್ತೆ ಸ್ವಲ್ಪ ಕಾಯಿಸಿ ಹದ ಮಾಡುತ್ತಾನೆ. ಉಕ್ಕು ಅದೇ. ಗುಣ ಮಾತ್ರ ಬದಲಾದದ್ದು ಹೇಗೆ?

ಕಾದ ಉಕ್ಕನ್ನು ಥಟ್ಟನೆ ತಣಿಸಿದಾಗ ಇಂಗಾಲದ ಪರಮಾಣುಗಳು ಹೊರಬರಲು ಸಮಯ ಸಿಗದೆ ಕಬ್ಬಿಣದ ಪರಮಾಣುಗಳ ನಡುವೆಯೇ ಸಿಕ್ಕಿಕೊಳ್ಳುತ್ತವೆ. ಉಕ್ಕು ಗಡುಸಾಗುವುದೂ ಪೆಡಸಾಗುವುದೂ ಇದರಿಂದಲೇ. ಮತ್ತೆ ಕಾಯಿಸಿದಾಗ ಅವುಗಳಲ್ಲಿ ಕೆಲವು ಬಿಡಿಸಿಕೊಳ್ಳುತ್ತವೆ. ಗಡಸುತನ ತುಸು ಇಳಿದು ತಾಳಿಕೆ ಹೆಚ್ಚುತ್ತದೆ. ವಸ್ತುವಿನ ಒಳರಚನೆ, ಗುಣ ಮತ್ತು ತಯಾರಿಕೆಯ ವಿಧಾನ, ಈ ಮೂರರ ನಂಟನ್ನು ಅರಿಯುವ ಶಾಸ್ತ್ರವೇ ವಸ್ತುವಿಜ್ಞಾನ. ಅದನ್ನು ಬಳಸಿ ಬೇಕಾದ ಗುಣದ ವಸ್ತುವನ್ನು ಮಾಡುವುದು ವಸ್ತು ಎಂಜಿನಿಯರಿಂಗ್.

ಈ ಅರಿವು ಸಾಲದಾದಾಗ ಜೀವಗಳೇ ಬಲಿಯಾದದ್ದುಂಟು. 1954ರಲ್ಲಿ ಬ್ರಿಟನ್ನಿನ ಎರಡು ಕಾಮೆಟ್ ಜೆಟ್ ವಿಮಾನಗಳು ಮೆಡಿಟರೇನಿಯನ್ ಸಮುದ್ರದ ಮೇಲೆ ಹಾರುತ್ತಿರುವಾಗಲೇ ಒಡೆದುಹೋದವು. ಅದೇ ಮಾದರಿಯ ವಿಮಾನವನ್ನು ನೀರಿನ ತೊಟ್ಟಿಯಲ್ಲಿಟ್ಟು, ಒಳಗಿನ ಒತ್ತಡವನ್ನು ಮತ್ತೆ ಮತ್ತೆ ಏರಿಸಿ ಇಳಿಸಿ ಪರೀಕ್ಷಿಸಿದರು. ಪ್ರತಿ ಹಾರಾಟದ ಒತ್ತಡಕ್ಕೂ ಲೋಹ ದಣಿಯುತ್ತ ಬಂದು, ಕಿಟಕಿಯಂಥ ತೆರಪುಗಳ ಮೂಲೆಯಲ್ಲಿ ಬಿರುಕು ಹುಟ್ಟಿ ಬೆಳೆಯುತ್ತದೆಂಬುದು ಆಗ ಸ್ಪಷ್ಟವಾಯಿತು.

ಇಂದು ಈ ಕ್ಷೇತ್ರ ಲೋಹಕ್ಕಷ್ಟೇ ಸೀಮಿತವಲ್ಲ. ಬೆಂಗಳೂರಿನಲ್ಲಿ ತಯಾರಾಗುವ ತೇಜಸ್ ಯುದ್ಧವಿಮಾನದ ಹೊರಮೈಯ ಬಹುಭಾಗ ಇಂಗಾಲದ ಎಳೆಗಳಿಂದಾದ ಸಂಯುಕ್ತ ವಸ್ತು. ಬ್ಯಾಟರಿ, ಕಂಪ್ಯೂಟರ್ ಚಿಪ್, ಮೂಳೆಗೆ ಜೋಡಿಸುವ ಕೃತಕ ಕೀಲು, ಎಲ್ಲಕ್ಕೂ ವಸ್ತುತಜ್ಞರು ಬೇಕು. ಉಕ್ಕಿನ ಕಾರ್ಖಾನೆ, ವಿಮಾನೋದ್ಯಮ, ಅಣುಶಕ್ತಿ ಮತ್ತು ರಕ್ಷಣಾ ಪ್ರಯೋಗಾಲಯಗಳಲ್ಲಿ ಇವರಿಗೆ ಕೆಲಸವಿದೆ.

ಓದುವ ದಾರಿ ಹೇಗೆ? ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇರಬೇಕು. ಜೆಇಇ ಪರೀಕ್ಷೆಯ ಮೂಲಕ ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಲೋಹ ಮತ್ತು ವಸ್ತು ಎಂಜಿನಿಯರಿಂಗ್‌ನ ಬಿ.ಟೆಕ್. ಸೇರಬಹುದು. ಬೇರೆ ಶಾಖೆಯಲ್ಲಿ ಬಿ.ಇ. ಮಾಡಿದವರೂ ಗೇಟ್ ಬರೆದು ಎಂ.ಟೆಕ್.ಗೆ ಇತ್ತ ಬರಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1945ರಲ್ಲಿ ಲೋಹಶಾಸ್ತ್ರ ವಿಭಾಗವಾಗಿ ಆರಂಭವಾದದ್ದು ಇಂದು ವಸ್ತು ಎಂಜಿನಿಯರಿಂಗ್ ವಿಭಾಗವಾಗಿದೆ. ಬಿ.ಎಸ್ಸಿ. ಓದಿದವರು ಎಂ.ಎಸ್ಸಿ. ಮುಗಿಸಿ ಸಂಶೋಧನೆಗೆ ಇಳಿಯಬಹುದು.

ಒಂದು ಮಾತನ್ನು ಮೊದಲೇ ತಿಳಿದಿರಬೇಕು. ಈ ವಿಷಯ ಕಲಿಸುವ ಕಾಲೇಜುಗಳು ಕಡಿಮೆ. ಸಂಶೋಧನೆ ಬಯಸಿದರೆ ಪದವಿಯ ನಂತರವೂ ಹಲವು ವರ್ಷ ಓದಬೇಕು. ಕುಲುಮೆಯ ಬಿಸಿಗೂ ಸೂಕ್ಷ್ಮದರ್ಶಕದ ಮುಂದಿನ ತಾಳ್ಮೆಗೂ ಸಿದ್ಧರಿರಬೇಕು. ಮುರಿದ ಬೋಲ್ಟೊಂದು ಕೈಗೆ ಸಿಕ್ಕಾಗ, ಎಸೆಯುವ ಮುನ್ನ ಅದೇಕೆ ಮುರಿಯಿತೆಂದು ತಿರುಗಿಸಿ ನೋಡುವ ಕುತೂಹಲ ನಿಮ್ಮಲ್ಲಿದ್ದರೆ ಈ ದಾರಿಯನ್ನು ಧೈರ್ಯವಾಗಿ ಆರಿಸಿಕೊಳ್ಳಿ.