ಹೂಳು ಬರುವುದು ಮೇಲಿನಿಂದ

ಮುಂಗಾರಿನ ಜೋರು ಮಳೆಯೊಂದು ಸುರಿದು ನಿಂತ ಮೇಲೆ ಹಳೇಬೀಡು ಸುತ್ತಿನ ಆಲೂಗಡ್ಡೆ ಹೊಲಗಳ ಕಡೆ ಹೋದರೆ ಹಳ್ಳದಲ್ಲಿ ಇಟ್ಟಿಗೆ ಬಣ್ಣದ ನೀರು. ಬಿತ್ತನೆಗೆಂದು ನುಣ್ಣಗೆ ಉತ್ತು ಹದ ಮಾಡಿದ ಮಣ್ಣು ಅದು. ಗಡ್ಡೆ ಇನ್ನೂ ಎಲೆ ಬಿಟ್ಟಿರುವುದಿಲ್ಲ, ನೆಲ ಬೆತ್ತಲೆ. ಕೊಚ್ಚಿಹೋದ ಮಣ್ಣು ಕೆರೆಯಂಗಳದಲ್ಲಿ ಕೂತು ಹೂಳಾಗುತ್ತದೆ. ಬೇಸಿಗೆಯಲ್ಲಿ ಜೆಸಿಬಿ ತಂದು ಅದನ್ನೇ ಎತ್ತಿ, ಟ್ರ್ಯಾಕ್ಟರಿಗೆ ತುಂಬಿ, ಕೆರೆಗೋಡು ಎಂದು ಹೊಲಕ್ಕೆ ಹೊಡೆಸುತ್ತಾರೆ. ಇಳಿಯುವಾಗ ಪುಕ್ಕಟೆ, ಹತ್ತುವಾಗ ಡೀಸೆಲ್ ಖರ್ಚು.

ಹಾಸನ ಜಿಲ್ಲೆಯ ಬೇಲೂರು, ಹಳೇಬೀಡು, ಅರಸೀಕೆರೆ ಮೂರೂ ಕೆರೆ ನಂಬಿದ ಊರುಗಳು. ಹೊಯ್ಸಳರ ರಾಜಧಾನಿ ದೋರಸಮುದ್ರ, ಅಂದರೆ ಇಂದಿನ ಹಳೇಬೀಡು, ಬೆಳೆದದ್ದು ಕೆರೆಯ ದಡದಲ್ಲಿ. ಕೆರೆ ಕಟ್ಟಿದವರಿಗೂ ಕಾಪಾಡಿದವರಿಗೂ ಬಿಟ್ಟುಕೊಟ್ಟ ಭೂಮಿಯ ಲೆಕ್ಕ ಕರ್ನಾಟಕದ ಶಾಸನಗಳಲ್ಲಿ ಹೇರಳವಾಗಿದೆ. ಹೂಳು ಹೊರುವ ಬಂಡಿಗಳ ಖರ್ಚಿಗೂ ದತ್ತಿ ಇತ್ತು. 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ್ದು ದೇಗುಲಗಳು. ಕೆರೆಗಳಿಗೂ ಒಂದು ಪಾಲು ಗೌರವ ಸಲ್ಲಬೇಕಿತ್ತು.

ಬೇಲೂರಿನ ಪಶ್ಚಿಮಕ್ಕೆ ಮಲೆನಾಡಿನ ಮಳೆ, ಕಾಫಿ ತೋಟ. ಪೂರ್ವಕ್ಕೆ ಸರಿದಂತೆ ಮಳೆ ಇಳಿಯುತ್ತ ಅರಸೀಕೆರೆಗೆ ಬರುವಷ್ಟರಲ್ಲಿ ವರ್ಷಕ್ಕೆ 700 ಮಿ.ಮೀ. ಆಸುಪಾಸು, ತೆಂಗು, ರಾಗಿಯ ಬಯಲುಸೀಮೆ. ಬೇಲೂರಿನ ಯಗಚಿ ಹೇಮಾವತಿಯನ್ನು ಕೂಡಿ ಕಾವೇರಿಗೆ ಹೋದರೆ, ಅರಸೀಕೆರೆಯ ಉತ್ತರ ಭಾಗದ ಹಳ್ಳಗಳು ವೇದಾವತಿಯ ಮೂಲಕ ಕೃಷ್ಣಾ ಕಣಿವೆಯ ದಾರಿ ಹಿಡಿಯುತ್ತವೆ. ಮಳೆ ಕಡಿಮೆ ಎಂದ ಮಾತ್ರಕ್ಕೆ ಸವಕಳಿ ಕಡಿಮೆ ಎನ್ನುವಂತಿಲ್ಲ. ಒಣಸೀಮೆಯ ಮಳೆ ಬರುವುದು ಕೆಲವೇ ದಿನ, ಆದರೆ ಬಂದಾಗ ಹೊಡೆದು ಬರುತ್ತದೆ.

ಸವಕಳಿಯ ಮೊದಲ ಏಟು ಹನಿಯದು. ದಪ್ಪ ಹನಿ ಬಿದ್ದ ರಭಸಕ್ಕೆ ಮಣ್ಣಿನ ಹೆಂಟೆ ಒಡೆದು, ನುಣುಪು ಕಣಗಳು ಸಣ್ಣ ರಂಧ್ರಗಳನ್ನು ಮುಚ್ಚುತ್ತವೆ. ಇಂಗಬೇಕಾದ ನೀರು ಮೇಲೆಯೇ ಹರಿಯತೊಡಗುತ್ತದೆ. ಇಳಿಜಾರು ಕಡಿದಾದಷ್ಟೂ ಉದ್ದವಾದಷ್ಟೂ ಅದರ ಸೆಳೆತ ಹೆಚ್ಚಿ, ಬೆರಳಗಲದ ಕಾಲುವೆ ಕೆಲವೇ ವರ್ಷಗಳಲ್ಲಿ ಆಳುದ್ದದ ಕೊರಕಲಾಗುತ್ತದೆ. ದೇಶದಲ್ಲಿ ಹೆಕ್ಟೇರಿಗೆ ವರ್ಷಕ್ಕೆ ಸರಾಸರಿ 16 ಟನ್ನಿಗೂ ಹೆಚ್ಚು ಮಣ್ಣು ಜಾಗ ಬಿಡುತ್ತದೆ ಎಂದು 1983ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದ್ದರು. ಕೇಳಲು ಭಾರೀ ಲೆಕ್ಕ, ಹೊಲದಲ್ಲಿ ನೋಡಿದರೆ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು. ಅದಕ್ಕೇ ರೈತನ ಕಣ್ಣಿಗೆ ಬೀಳುವುದಿಲ್ಲ.

1954ರಲ್ಲಿ ಬಳ್ಳಾರಿಯಲ್ಲೂ ಉದಕಮಂಡಲದಲ್ಲೂ ಮಣ್ಣು ಮತ್ತು ನೀರು ಸಂರಕ್ಷಣಾ ಸಂಶೋಧನಾ ಕೇಂದ್ರಗಳು ಶುರುವಾದವು. ನೀಲಗಿರಿಯ ಇಳಿಜಾರಿನಲ್ಲಿ ಆಲೂಗಡ್ಡೆ ಸಾಲನ್ನು ಮೇಲಿಂದ ಕೆಳಕ್ಕೆ ಎಳೆದಾಗ ಹೋಗುವ ಮಣ್ಣಿಗೆ ಹೋಲಿಸಿದರೆ, ಅಡ್ಡಸಾಲಿನಲ್ಲಿ ಹೋದದ್ದು ಅರ್ಧಕ್ಕಿಂತ ಕಡಿಮೆ. ಬಳ್ಳಾರಿ ಕಡೆಯ ಅನುಭವ ಇನ್ನೊಂದು ಬಗೆಯದು: ಆಳವಾದ ಕಪ್ಪು ಮಣ್ಣಿನಲ್ಲಿ ಸಮಪಾತಳಿ ಬದುವಿನ ಹಿಂದೆ ನೀರು ನಿಂತು ಬೆಳೆ ಕೊಳೆಯುತ್ತದೆ, ನೆಲ ಬಿರಿದು ಬದುವೂ ಒಡೆಯುತ್ತದೆ. ಹಾಸನದ ಕೆಂಪು ಮಣ್ಣಿಗೆ ಆ ಕಾಟವಿಲ್ಲ. ಎಲ್ಲ ಜಿಲ್ಲೆಗೂ ಒಂದೇ ನಕ್ಷೆಯ ಬದು ಹಾಕಿಸುವವರು ಇದನ್ನು ನೆನಪಿಡಬೇಕು.

ಮರ ನೆಟ್ಟರೆ ಮಣ್ಣು ಉಳಿಯಿತು ಎಂಬ ಮಾತೂ ಅರ್ಧ ಸತ್ಯ. ಎತ್ತರದ ಕೊಂಬೆಯಿಂದ ತೊಟ್ಟಿಕ್ಕುವ ನೀರು ದಪ್ಪ ಹನಿಯಾಗಿ, ಎಂಟು ಹತ್ತು ಮೀಟರ್ ಬೀಳುವಷ್ಟರಲ್ಲಿ ಮಳೆಹನಿಯ ವೇಗವನ್ನೇ ಪಡೆದಿರುತ್ತದೆ. ಬುಡದಲ್ಲಿ ಹುಲ್ಲು, ತರಗೆಲೆ ಇದ್ದರೆ ಏಟು ಅಲ್ಲಿಗೇ ನಿಲ್ಲುತ್ತದೆ. ಗುಡಿಸಿ ಚೊಕ್ಕಟ ಮಾಡಿದ ತೋಪಿನಲ್ಲಿ ನೆಲಕ್ಕೆ ಬೀಳುತ್ತದೆ. ಬೇಲೂರಿನ ಕಾಫಿ ತೋಟದಲ್ಲಿ ನೆರಳು ಮರ, ಕೆಳಗೆ ಕಾಫಿ ಗಿಡ, ಅದರ ಕೆಳಗೆ ದರಗು. ನೀರು ಮೂರು ಕಡೆ ತಡೆದು ಇಳಿಯುತ್ತದೆ. ಕಳೆ ಇರಬಾರದೆಂದು ಉತ್ತು ಬಿಟ್ಟ ತೆಂಗಿನ ತೋಟಕ್ಕೆ ಆ ಭಾಗ್ಯವಿಲ್ಲ. ಹಳ್ಳದ ದಂಡೆಯ ಹೊಂಗೆ, ಲಕ್ಕಿ, ಹುಲ್ಲನ್ನು ಸವರಿ ಒಂದು ಸಾಲು ಹೆಚ್ಚು ಬಿತ್ತಿದರೆ, ಮರುವರ್ಷ ಹಳ್ಳವೇ ಎರಡು ಸಾಲನ್ನು ನುಂಗಬಹುದು.

ಯಗಚಿಯ ನೀರನ್ನು ರಣಘಟ್ಟದಿಂದ ಹಳೇಬೀಡಿನ ಕೆರೆಗೆ ತರಬೇಕೆಂದು ಈ ಭಾಗದ ರೈತರು ವರ್ಷಗಟ್ಟಲೆ ಹೋರಾಡಿದರು. ಬೇಡಿಕೆ ನ್ಯಾಯವಾದದ್ದೇ. ಆದರೆ ಕೆರೆಯ ಮೇಲ್ಭಾಗದ ಹೊಲಗಳಿಗಾಗಿ ಯಾರೂ ರಸ್ತೆ ತಡೆ ಮಾಡುವುದಿಲ್ಲ.

ಅದಕ್ಕೆ ಕಾರಣ ರೈತನ ಉದಾಸೀನವೊಂದೇ ಅಲ್ಲ. ಅಣ್ಣತಮ್ಮಂದಿರು ಭಾಗವಾಗುವಾಗ ಎಲ್ಲರಿಗೂ ಮೇಲಿನ ನೆಲ, ತಗ್ಗಿನ ನೆಲ ಸಮನಾಗಿ ಬರಲೆಂದು ಜಮೀನನ್ನು ಇಳಿಜಾರಿನ ಉದ್ದಕ್ಕೇ ಪಟ್ಟಿ ಹೊಡೆಯುವುದುಂಟು. ಮೂವತ್ತು ಅಡಿ ಅಗಲದ ಪಟ್ಟಿಯಲ್ಲಿ ಟ್ರ್ಯಾಕ್ಟರ್ ಅಡ್ಡಡ್ಡ ತಿರುಗುವುದಾದರೂ ಹೇಗೆ? ಇಂಜಿನಿಯರ್ ಎಳೆದ ಸಮಪಾತಳಿ ಗೆರೆ ಯಾರ ಗಡಿಗೂ ಹೊಂದುವುದಿಲ್ಲ. ಗುಂಡ್ಲುಪೇಟೆ ಸೀಮೆಯ ರೈತರು ತಲೆಮಾರುಗಳಿಂದ ಹೊಲದ ಗಡಿಗೆ ಲಾವಂಚ ನೆಡುತ್ತ ಬಂದದ್ದನ್ನು 1980ರ ದಶಕದಲ್ಲಿ ವಿಶ್ವಬ್ಯಾಂಕ್‌ನ ತಜ್ಞರು ಕಂಡು ಬೆರಗಾದರು. ಹಲವು ದೇಶಗಳಿಗೆ ಅದನ್ನು ಸಾರಿದರು. ಬೇರು ನೇರವಾಗಿ ಮೂರು ಮೀಟರ್‌ವರೆಗೂ ಇಳಿಯುತ್ತದೆ, ಪಕ್ಕಕ್ಕೆ ಹಬ್ಬಿ ಬೆಳೆಯ ಜಾಗ ತಿನ್ನುವುದಿಲ್ಲ, ಬಲಿತ ಹುಲ್ಲಿಗೆ ದನ ಅಷ್ಟಾಗಿ ಬಾಯಿ ಹಾಕುವುದಿಲ್ಲ. ಅರಸೀಕೆರೆಯ ಪಟ್ಟಿ ಹೊಲಗಳಲ್ಲಿ ನಾಲ್ಕೈದು ಅಕ್ಕಪಕ್ಕದವರು ಒಪ್ಪಿ, ಬುಡ ಬುಡ ಒತ್ತಾಗಿ ಒಂದೇ ಅಡ್ಡಗೆರೆಯಲ್ಲಿ ಇದನ್ನು ನೆಟ್ಟರೆ ಟ್ರ್ಯಾಕ್ಟರ್ ತಿರುಗುವ ತಾಪತ್ರಯವೂ ಇಲ್ಲ, ಯಾರ ಹದ್ದುಬಸ್ತೂ ಕದಲಬೇಕಿಲ್ಲ.