ಪ್ರೇರಿ ಬಯಲಿನ ನೀಲಿ ಹೂವು

ಪ್ರಶ್ನೆ: ಅಮೆರಿಕದ ಪ್ರೇರಿ ಹುಲ್ಲುಗಾವಲಿನ ಬ್ಯಾಪ್ಟೀಸಿಯಾ ಗಿಡದಿಂದಲೂ ನಮ್ಮ ನೀಲಿ ಗಿಡದಂತೆ ಬಣ್ಣ ತೆಗೆಯಬಹುದೇ?

ಉತ್ತರ: ತೆಗೆಯಬಹುದು. ಎರಡೂ ಅವರೆ, ತೊಗರಿಯ ಕುಟುಂಬದವೇ. ಅಲ್ಲಿಗೆ ವಲಸೆ ಹೋದ ಯುರೋಪಿಯನ್ನರು ನೀಲಿಗೆ ಬದಲಾಗಿ ಇದನ್ನೇ ಬಳಸಿದರು. ಆದರೆ ಬಣ್ಣದ ಗುಣಮಟ್ಟ ಕಡಿಮೆ.

ನನ್ನ ಮಟ್ಟಿಗೆ, ಬಣ್ಣಕ್ಕಿಂತ ಇದರ ಬೇರೇ ದೊಡ್ಡ ಸೋಜಿಗ. ಬೀಜದಿಂದ ಎದ್ದ ಸಸಿ ಮೊದಲ ಕೆಲವು ವರ್ಷ ಹೂವಿನ ಗೊಡವೆಗೇ ಹೋಗದೆ ಆಳಕ್ಕೆ ಬೇರಿಳಿಸುತ್ತದೆ. ಬೇರುಗಂಟಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದುಕೊಡುವುದರಿಂದ ಬಡ ಮಣ್ಣಲ್ಲೂ ದಶಕಗಟ್ಟಲೆ ಬಾಳುತ್ತದೆ; ಆಳದ ಬೇರಿನಿಂದಾಗಿ ಬರವನ್ನೂ ತಾಳುತ್ತದೆ. ಕಿತ್ತು ಬೇರೆಡೆ ನೆಟ್ಟರೆ ಮಾತ್ರ ಸೊರಗುತ್ತದೆ. ಮೇ, ಜೂನ್ ಹೊತ್ತಿಗೆ ಅರಳುವ ನೇರಳೆ-ನೀಲಿ ಹೂಗಳ ಬಿಗಿದ ದಳ ಸರಿಸಲು ಬಲವುಳ್ಳ ಬಂಬಲ್‌ಬೀಗಳೇ ಬೇಕು. ಮಾಗಿದ ಕಾಯಿ ಕಪ್ಪಾಗಿ, ಒಳಗಿನ ಬೀಜ ಗಲಗಲ ಅನ್ನುತ್ತದೆ. ಅವರೆಯ ನೆಂಟನೆಂದು ತಿನ್ನುವಂತಿಲ್ಲ. ಇದರಲ್ಲಿ ಸೈಟಿಸಿನ್‌ನಂಥ ವಿಷವಿದೆ.